ತಲೆಯ ಮೇಲೆ ತಟ್ಟೆ ಹೊತ್ತ ಬಂದೂಕು

“ಅಣ್ಣಾ, ಮೊದಲಿಗೆ ಯಾವ ಗನ್ ಹಿಡೀಲಿ?”

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಹುಡುಗ ಕೇಳುವುದು ಇದನ್ನೇ. ಸಿರುಗುಪ್ಪದ ಅಕ್ಕಿ ಗಿರಣಿಗೆ ಅಪ್ಪನ ಬುತ್ತಿ ಒಯ್ಯುವವನೂ, ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿ ಕಾಲೇಜಿಗೆ ಬರುವ ಹುಡುಗಿಯೂ ಇದನ್ನೇ ಕೇಳುತ್ತಾರೆ. ಹೊಸದಾಗಿ ಫೋನಿಗೆ ‘ಪಬ್ಜಿ’ ಇಳಿಸಿಕೊಂಡ ಯಾರಿಗಾದರೂ ಮೊದಲ ವಾರ ಕಾಡುವ ಪ್ರಶ್ನೆ ಅದೊಂದೇ. ಉತ್ತರ ಕೊಡುವವರಿಗೆ ಕೊರತೆಯಿಲ್ಲ. “ಎಂ416 ಹಿಡಿಲೇ, ಬ್ಯಾರೆ ಏನೂ ನೋಡಬ್ಯಾಡ” ಅನ್ನುವವರು ಹತ್ತರಲ್ಲಿ ಎಂಟು ಜನ. “ಎಕೆಎಂ ಇಲ್ದಿದ್ರ ಆಟ ಯಾಕ?” ಅನ್ನುವವರು ಉಳಿದಿಬ್ಬರು.

ಹತ್ತೂ ಜನರ ಮಾತು ಪಳಗಿದ ಕೈಗೆ ಸರಿ. ಹೊಸಬನ ಕೈಗೆ, ಅದರಲ್ಲೂ ನಮ್ಮ ಕಡೆಯ ಬಿಸಿಲಿನಲ್ಲಿ ಕಡಿಮೆ ಬೆಲೆಯ ಫೋನ್ ಹಿಡಿದು ಕೂತ ಹೊಸಬನ ಕೈಗೆ, ನಾನು ಹೇಳುವ ಬಂದೂಕು ಬೇರೆ. ಅದು ಡಿಪಿ-28. ನೆಲದ ಮೇಲೆ ಬಿದ್ದಿದ್ದರೂ ಹೆಚ್ಚಿನವರು ದಾಟಿಕೊಂಡು ಹೋಗುವ, ತಲೆಯ ಮೇಲೆ ದುಂಡನೆಯ ತಟ್ಟೆ ಹೊತ್ತ, ನೋಡಲು ಹಳೆಯ ಕಾಲದ ಮಷಿನ್ ಗನ್.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ವಿಮಾನದಿಂದ ನೂರು ಜನ ಬರಿಗೈಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಇಳಿಯುತ್ತಾರೆ. ಎರಾಂಗೆಲ್ ಎಂಬ ಆ ದ್ವೀಪದ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಖಾಲಿ ಮನೆ, ಶಾಲೆ, ಗೋದಾಮುಗಳಲ್ಲಿ ಬಂದೂಕು, ಗುಂಡು, ಹೆಲ್ಮೆಟ್, ಔಷಧಿ ಹುಡುಕಿ ಹೆಕ್ಕಿಕೊಳ್ಳಬೇಕು. ಸುತ್ತಲ ವರ್ತುಲ ಕಿರಿದಾಗುತ್ತ ಎಲ್ಲರನ್ನೂ ಒಂದೆಡೆ ದೂಡುತ್ತದೆ. ಕೊನೆಗೆ ಉಳಿದ ಒಬ್ಬನದು, ಇಲ್ಲವೇ ನಾಲ್ವರ ತಂಡದ್ದು ಗೆಲುವು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ ಈ ಆಟ 2017ರಲ್ಲಿ ಕಂಪ್ಯೂಟರಿಗೆ, ಮರುವರ್ಷ ಮೊಬೈಲಿಗೆ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್ಜಿ ಮೊಬೈಲ್ ಕೂಡ ಇತ್ತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಅದನ್ನೇ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂದು ಹೊಸದಾಗಿ ತಂದಿತು. 2022ರ ಜುಲೈನಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಮರೆಯಾಗಿ, 2023ರ ಮೇ ಕೊನೆಗೆ ಮರಳಿತು. ಹೆಸರು ಬಿಜಿಎಂಐ ಆದರೂ ಬಳ್ಳಾರಿಯ ರಾಯಲ್ ಸರ್ಕಲ್‌ನ ಒಗ್ಗರಣೆ-ಮಿರ್ಚಿ ಗಾಡಿಯ ಬಳಿ ನಿಂತವರಿಗೆ ಇವತ್ತಿಗೂ ಅದು ಪಬ್ಜಿಯೇ.

ಮಷಿನ್ ಗನ್ ಅಂದಕೂಡಲೇ ಹೊಸಬರು ಎರಡು ಗುಂಪುಗಳನ್ನು ಬೆರೆಸಿಬಿಡುತ್ತಾರೆ. ಯುಎಂಪಿ45, ಮೈಕ್ರೋ ಯುಜಿ, ವೆಕ್ಟರ್, ಟಾಮಿ ಗನ್, ಬೈಜನ್ ಇವೆಲ್ಲ ಎಸ್‌ಎಂಜಿಗಳು, ಅಂದರೆ ಸಬ್‌ಮಷಿನ್ ಗನ್‌ಗಳು. ಚಿಕ್ಕ ಗುಂಡು, ಚಿಕ್ಕ ದೂರ, ಮನೆಯೊಳಗಿನ ಕೆಲಸ. ಇನ್ನೊಂದು ಗುಂಪು ಎಲ್‌ಎಂಜಿಗಳದು, ಅಂದರೆ ಲೈಟ್ ಮಷಿನ್ ಗನ್‌ಗಳದು: ಎಂ249, ಡಿಪಿ-28, ಎಂಜಿ3. ಉದ್ದ ನಳಿಕೆ, ಮುಂದೆ ಎರಡು ಕಾಲಿನ ಊರುಗೋಲು, ಒಮ್ಮೆ ತುಂಬಿದರೆ ಬೇಗ ಮುಗಿಯದ ಗುಂಡು. ಎಂಜಿ3 ಎರಡನೇ ಮಹಾಯುದ್ಧದ ಜರ್ಮನಿಯ ಎಂಜಿ42ರ ವಂಶದ್ದು. ಆಟದಲ್ಲಿ ಅದು ವಿಮಾನದಿಂದ ಬೀಳುವ ಪೆಟ್ಟಿಗೆಯ ಸರಕು. ಆ ಪೆಟ್ಟಿಗೆಯ ಕಡೆಗೆ ಇನ್ನೂ ನಾಲ್ಕು ತಂಡ ಗುರಿಯಿಟ್ಟು ಕೂತಿರುತ್ತವೆ, ಹೊಸಬ ಅತ್ತ ಹೋಗದಿರುವುದೇ ಲೇಸು. ಎಂ249 ಬೆಲ್ಜಿಯಂನ ಮಿನಿಮಿ ಬಂದೂಕಿನ ಅಮೆರಿಕನ್ ರೂಪ. ಒಳ್ಳೆಯದೇ, ಆದರೆ ಮತ್ತೆ ಗುಂಡು ತುಂಬಲು ಹಿಡಿಯುವ ಹೊತ್ತಿನಲ್ಲಿ ಎದುರಾಳಿ ಬಂದು ನಿಮ್ಮ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಉಳಿದದ್ದು ಡಿಪಿ.

ತಪ್ಪುವ ಗುಂಡುಗಳ ಲೆಕ್ಕ

ಬಂದೂಕು ಆರಿಸುವಾಗ ಎಲ್ಲರೂ ನೋಡುವುದು ಒಂದು ಗುಂಡು ಎಷ್ಟು ಪೆಟ್ಟು ಕೊಡುತ್ತದೆ, ನಿಮಿಷಕ್ಕೆ ಎಷ್ಟು ಗುಂಡು ಹಾರುತ್ತದೆ ಎಂಬುದನ್ನು. ಹಾರಿದ ಗುಂಡೆಲ್ಲ ತಾಕುತ್ತದೆ ಎಂಬ ನಂಬಿಕೆ ಆ ಲೆಕ್ಕದ ಅಡಿಯಲ್ಲಿ ಸದ್ದಿಲ್ಲದೆ ಕೂತಿದೆ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಯಾವುದೇ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಯ ಮುಂದೆ ನಿಂತು ನೋಡಿ: ಮೊದಲ ಸಲ ಬಂದೂಕು ಎತ್ತಿದವನು ಐದರಲ್ಲಿ ಒಂದು ಬಲೂನು ಒಡೆದರೆ ಅದೇ ಹೆಚ್ಚು. ಬಲೂನು ನಿಂತಲ್ಲೇ ನಿಂತಿರುತ್ತದೆ. ಆಟದಲ್ಲಿ ಎದುರಾಳಿ ಓಡುತ್ತಾನೆ, ಬಗ್ಗುತ್ತಾನೆ, ಗೋಡೆಯ ಅಂಚಿನಿಂದ ಇಣುಕಿ ಮರೆಯಾಗುತ್ತಾನೆ. ಹಾಗಾಗಿ ಹೊಸಬನ ಐದು ಗುಂಡಿನಲ್ಲಿ ಒಂದು ತಾಕುತ್ತದೆ ಎಂದಿಟ್ಟುಕೊಂಡೇ ಲೆಕ್ಕ ಹಾಕಬೇಕು.

ಆಟದಲ್ಲಿ ಪ್ರತಿಯೊಬ್ಬನ ಜೀವ 100 ಅಂಕ. ಎರಡನೇ ದರ್ಜೆಯ ಕವಚ ತೊಟ್ಟವನಿಗೆ ಎದೆಯ ಪೆಟ್ಟಿನಲ್ಲಿ ಶೇ 40ರಷ್ಟು ಕಡಿತ. ಡಿಪಿ-28ರ ಒಂದು ಗುಂಡಿನ ಪೆಟ್ಟು ಸುಮಾರು 51, ಎಂ416ರದು 41ರ ಆಸುಪಾಸು, ಮೈಕ್ರೋ ಯುಜಿಯದು 26. ಈ ಅಂಕೆಗಳು ಅಪ್‌ಡೇಟ್ ಬಂದಾಗ ಒಂದೆರಡು ಆಚೀಚೆ ಆಗುತ್ತವೆ. ಕೈಕಾಲಿಗೆ, ತಲೆಗೆ ಬಿದ್ದರೆ ಬೇರೆ ಲೆಕ್ಕವೂ ಇದೆ. ಅದನ್ನೆಲ್ಲ ಬದಿಗಿಟ್ಟು ಕವಚದ ಕಡಿತ ಕಳೆದರೆ ಎದುರಾಳಿ ಬೀಳಲು ಡಿಪಿಯ 4 ಗುಂಡು ಬೇಕು, ಎಂ416ರ 5, ಯುಜಿಯ 7.

ಈಗ ಐದರಲ್ಲಿ ಒಂದು ತಾಕುವ ಹೊಸಬನ ಕೈಗೆ ಇವನ್ನು ಕೊಡಿ. ಯುಜಿ ಹಿಡಿದರೆ ಒಬ್ಬನನ್ನು ಬೀಳಿಸಲು 35 ಗುಂಡು ಬೇಕು. ಹೆಚ್ಚುವರಿ ಮ್ಯಾಗಜಿನ್ ಸಿಗದಿದ್ದರೆ ಅದರಲ್ಲಿರುವುದೇ 25. ಎದುರಾಳಿ ಇನ್ನೂ ನಿಂತಿರುವಾಗಲೇ ಕೈ ಖಾಲಿ. ಎಂ416ಕ್ಕೆ 25 ಗುಂಡು ಬೇಕು, ಇರುವುದು 30. ಒಬ್ಬ ಬಿದ್ದ, ಆದರೆ ಅವನ ಗೆಳೆಯ ಬರುವ ಹೊತ್ತಿಗೆ ಉಳಿದದ್ದು ಐದೇ ಗುಂಡು. ಡಿಪಿಗೆ 20 ಸಾಕು, ತಟ್ಟೆಯಲ್ಲಿರುವುದು 47. ಒಬ್ಬನನ್ನು ಬೀಳಿಸಿ, ಎರಡನೆಯವನನ್ನೂ ಬೀಳಿಸಿ, ಇನ್ನೂ ಏಳು ಮಿಕ್ಕುತ್ತವೆ.

ಡಿಪಿ ನಿಧಾನ, ಅಷ್ಟರಲ್ಲಿ ಎದುರಿನವನು ಹೊಡೆದುಬಿಡುತ್ತಾನೆ ಎನ್ನುವ ಆಕ್ಷೇಪ ತಕ್ಷಣ ಬರುತ್ತದೆ. ಅದನ್ನೂ ಅಳೆಯೋಣ. ಡಿಪಿಯಲ್ಲಿ ಗುಂಡಿನಿಂದ ಗುಂಡಿಗೆ 0.109 ಸೆಕೆಂಡ್ ಅಂತರ, ಎಂ416ರಲ್ಲಿ 0.086. ಡಿಪಿಯ 20 ಗುಂಡು ಹಾರಲು ಎರಡು ಸೆಕೆಂಡಿಗೆ ತುಸು ಮೇಲೆ, ಎಂ416ರ 25 ಗುಂಡಿಗೂ ಹೆಚ್ಚುಕಡಿಮೆ ಅಷ್ಟೇ. ನಿಧಾನ ಅನ್ನಿಸುವುದು ಕಿವಿಗೆ ಮಾತ್ರ. ಬೀಳುವವನಿಗೆ ಎರಡೂ ಒಂದೇ.

ಇನ್ನೊಂದು ಗುಣ ಹೊಸಬನಿಗೆ ವರವಾಗುವಂಥದ್ದು. ಎಂ416 ಬರಿಯ ಬಂದೂಕಾಗಿ ಸಿಕ್ಕರೆ ಅರ್ಧ ಬಂದೂಕು. ಅದಕ್ಕೆ ಕಾಂಪೆನ್ಸೇಟರ್, ಹಿಡಿಗೆ ಗ್ರಿಪ್, ಹಿಂದೆ ಸ್ಟಾಕ್, ದೊಡ್ಡ ಮ್ಯಾಗಜಿನ್, ಮೇಲೆ ಸ್ಕೋಪ್ ಎಲ್ಲವೂ ಬಿಡಿಬಿಡಿಯಾಗಿ ಸಿಗಬೇಕು, ಸಿಕ್ಕದ್ದನ್ನು ಜೋಡಿಸಬೇಕು. ಹೊಸಬ ಮನೆಯಿಂದ ಮನೆಗೆ ಗ್ರಿಪ್ ಹುಡುಕುತ್ತ ಓಡುವಾಗಲೇ ಅವನ ಆಟ ಮುಗಿಯುವುದು ಹೆಚ್ಚು. ಡಿಪಿಗೆ ಸೇರುವುದು ಸ್ಕೋಪ್ ಒಂದೇ. ಒಂದು ರೆಡ್ ಡಾಟ್ ಸಿಕ್ಕಿತೋ, ಬಂದೂಕು ಪೂರ್ತಿಯಾಯಿತು. ಗುಂಡಿಗೂ ಪರದಾಟವಿಲ್ಲ, ಎಕೆಎಂಗೆ ಹಾಕುವ 7.62 ಗುಂಡೇ ಇದಕ್ಕೂ ನಡೆಯುತ್ತದೆ. ಇದು ಆಟದ ಅನುಕೂಲ ಅಷ್ಟೇ. ನಿಜದ ಎಕೆಎಂ ಗುಂಡು ಗಿಡ್ಡ, ನಿಜದ ಡಿಪಿ ಗುಂಡು ಉದ್ದ, ಒಂದರದು ಇನ್ನೊಂದಕ್ಕೆ ಕೂರುವುದೇ ಇಲ್ಲ.

ಬಿಸಿಲು, ಫೋನು, ಬೆರಳು

ಇಂಟರ್‌ನೆಟ್ಟಿನಲ್ಲಿ ಬಂದೂಕಿನ ಬಗ್ಗೆ ಪಾಠ ಹೇಳುವವರು ತಂಪು ಕೋಣೆಯಲ್ಲಿ, ಸೆಕೆಂಡಿಗೆ 90 ಚಿತ್ರ ತೋರಿಸುವ ಫೋನಿನಲ್ಲಿ ಆಡುತ್ತಾರೆ. ಅವರ ಕೈಯಲ್ಲಿ ವೆಕ್ಟರ್ ದಾರದಂತೆ ನೇರ ಹೋಗುತ್ತದೆ. ನಮ್ಮ ಹುಡುಗರ ಫೋನು ಅದಲ್ಲ. ಅಕ್ಕ ಹೊಸದು ಕೊಂಡಾಗ ತಮ್ಮನಿಗೆ ಇಳಿದು ಬಂದದ್ದು, ಕಂತಿನಲ್ಲಿ ತಂದದ್ದು, ಗಾಜು ಸೀಳಿದ್ದು. ಬಿಜಿಎಂಐ ಬಂದಾಗ ಕಂಪನಿ ಹೇಳಿದ್ದು 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ ಎಂದು. ನಡೆಯುತ್ತದೆ ಎನ್ನುವುದಕ್ಕೂ ಸರಾಗವಾಗಿ ಓಡುತ್ತದೆ ಎನ್ನುವುದಕ್ಕೂ ಇರುವ ಅಂತರವನ್ನು ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ತೋರಿಸಿಕೊಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಬಂಡೆಗುಡ್ಡಗಳ ನಡುವಿನ ಊರಿನಲ್ಲಿ ಸಂಜೆಯಾದರೂ ಗೋಡೆ ಕಾದೇ ಇರುತ್ತದೆ. ಫೋನಿನೊಳಗಿನ ಚಿಪ್ ಒಂದು ಹಂತ ಮೀರಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪರದೆಯ ಮೇಲೆ ಸೆಕೆಂಡಿಗೆ 40 ಚಿತ್ರ ಬರುತ್ತಿದ್ದದ್ದು 30ಕ್ಕೆ, 20ಕ್ಕೆ ಕುಸಿಯುತ್ತದೆ. ಸೆಕೆಂಡಿಗೆ 20 ಎಂದರೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 0.05 ಸೆಕೆಂಡ್. ಮೈಕ್ರೋ ಯುಜಿ ಅಷ್ಟರಲ್ಲಿ ಒಂದು ಗುಂಡು ಹಾರಿಸಿಯಾಯಿತು. ನಳಿಕೆ ಮೇಲಕ್ಕೆ ಜಿಗಿಯಿತು ಎಂದು ಕಣ್ಣಿಗೆ ಕಂಡು, ಹೆಬ್ಬೆರಳು ಅದನ್ನು ಕೆಳಗೆ ಎಳೆಯುವ ಹೊತ್ತಿಗೆ ನಾಲ್ಕಾರು ಗುಂಡು ಆಕಾಶಕ್ಕೆ ಹೋಗಿರುತ್ತವೆ. ಡಿಪಿಯ ಎರಡು ಗುಂಡುಗಳ ನಡುವೆ ಅದೇ ಬಡ ಫೋನಿನಲ್ಲೂ ಎರಡು ಚಿತ್ರ ಬಂದು ಹೋಗುತ್ತವೆ. ಜಿಗಿತ ಕಾಣುತ್ತದೆ, ಬೆರಳು ಉತ್ತರ ಕೊಡುತ್ತದೆ. ಬಂದೂಕಿನ ನಿಧಾನ ಫೋನಿನ ನಿಧಾನಕ್ಕೆ ಹೊಂದಿಕೊಳ್ಳುವುದರಿಂದಲೇ ನಾನು ಇದನ್ನು ನಮ್ಮ ಕಡೆಯ ಹೊಸಬರಿಗೆ ಇಷ್ಟು ಒತ್ತಿ ಹೇಳುವುದು. ಫೋನನ್ನು ವಾಲಿಸಿ ಗುರಿ ಹಿಡಿಯುವ ಜೈರೋಸ್ಕೋಪ್ ಎಷ್ಟೋ ಅಗ್ಗದ ಫೋನುಗಳಲ್ಲಿ ಇರುವುದೇ ಇಲ್ಲ; ಅಂಥವರಿಗೆ ಹೆಬ್ಬೆರಳೇ ಗತಿ, ಹೆಬ್ಬೆರಳಿಗೆ ಸಮಯ ಕೊಡುವ ಬಂದೂಕೇ ಬೇಕು.

ಬಂದೂಕಿನ ಜೊತೆಗೇ ಸೆಟ್ಟಿಂಗ್ಸ್ ಕೂಡ ಸರಿಮಾಡಿಕೊಳ್ಳಿ. ಗ್ರಾಫಿಕ್ಸ್ ‘ಸ್ಮೂತ್’ ಇರಲಿ, ಹುಲ್ಲು ನೆರಳು ಚಂದ ಕಾಣುವುದಕ್ಕಿಂತ ಚಿತ್ರ ತಡೆಯಿಲ್ಲದೆ ಓಡುವುದು ಮುಖ್ಯ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ. ಹಿಂಬದಿಯ ರಬ್ಬರ್ ಕವರ್ ಆಟದ ಹೊತ್ತಿಗೆ ತೆಗೆದಿಡಿ. ನೆಟ್‌ವರ್ಕಿನ ತಡವನ್ನು ಪರದೆಯಲ್ಲಿ ತೋರಿಸುವ ಪಿಂಗ್ ಏರಿ ಕೆಂಪಾದರೆ ಯಾವ ಬಂದೂಕೂ ನಿಮ್ಮನ್ನು ಉಳಿಸದು. ಒಳಕೋಣೆ ಬಿಟ್ಟು ಮಾಳಿಗೆಗೆ ಹೋಗಿ ನೋಡಿ.

ಮಲಗಿ ಹೊಡೆಯುವ ಬಂದೂಕು

ಡಿಪಿಯನ್ನು ನಿಂತು ಹೊಡೆದವರು ಅದನ್ನು ಬಯ್ಯುತ್ತಾರೆ. ಅದು ಮಲಗಿ ಹೊಡೆಯಲು ಮಾಡಿದ ಬಂದೂಕು. ನೆಲಕ್ಕೆ ಎದೆಯೂರಿ ಮಲಗಿದರೆ ಮುಂದಿನ ಎರಡು ಕಾಲು ನೆಲ ಹಿಡಿಯುತ್ತವೆ, ನಳಿಕೆಯ ಜಿಗಿತ ಇಳಿದುಹೋಗುತ್ತದೆ. ನಾಲ್ಕು ಪಟ್ಟು ದೂರ ತೋರಿಸುವ ಸ್ಕೋಪ್ ಹಾಕಿದರೂ ಗುರಿ ಅಲುಗುವುದು ಕಡಿಮೆ.

ಎಲ್ಲಿ ಮಲಗಬೇಕು ಎನ್ನುವುದು ಮಾತ್ರ ತಿಳಿದಿರಬೇಕು. ಬಯಲಿನ ನಟ್ಟನಡುವೆ ಮಲಗಿದವನು ಹುಲ್ಲಿನಲ್ಲಿ ಮರೆಯಾದೆ ಎಂದುಕೊಳ್ಳುತ್ತಾನೆ. ದೂರದವರ ಫೋನಿಗೆ ಆ ಹುಲ್ಲು ಕಾಣಿಸುವುದೇ ಇಲ್ಲ, ಬರಿ ನೆಲದ ಮೇಲೆ ಬಿದ್ದ ಮನುಷ್ಯ ಕಾಣುತ್ತಾನೆ. ಮಲಗಿದವನು ತಟ್ಟನೆ ಏಳಲಾರ, ಓಡಲಾರ. ದಿಣ್ಣೆಯ ನೆತ್ತಿಗಿಂತ ಒಂದು ಮಾರು ಹಿಂದೆ, ಪಕ್ಕದಲ್ಲಿ ಒಂದು ಬಂಡೆಯೋ ಮರದ ಬೊಡ್ಡೆಯೋ ಇರುವ ಕಡೆ ಮಲಗಬೇಕು. ಬಳ್ಳಾರಿಯ ಕೋಟೆಗುಡ್ಡ ಹತ್ತಿದವರಿಗೆ, ಕುರುಗೋಡಿನ ಗುಡ್ಡಗಳ ಬಂಡೆಸಾಲು ನೋಡುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿರುಗುಪ್ಪದ ಸಮತಟ್ಟು ಭತ್ತದ ಗದ್ದೆಯಲ್ಲಿ ಬೆಳೆದವರು ಬದುವನ್ನು ನೆನೆಯಲಿ: ಬದುವಿನ ಹಿಂದೆ ಬಗ್ಗಿದವನು ರಸ್ತೆಯಲ್ಲಿ ಹೋಗುವವನಿಗೆ ಕಾಣುವುದಿಲ್ಲ.

ಇನ್ನು ಇದರ ದೊಡ್ಡ ದೋಷ. ತಟ್ಟೆ ಬದಲಿಸಲು ಐದು ಸೆಕೆಂಡಿಗೂ ಮೇಲೆ ಬೇಕು. ಎಂ416 ಅದರ ಅರ್ಧ ಹೊತ್ತಿನಲ್ಲಿ ಸಿದ್ಧ. ಆ ಐದು ಸೆಕೆಂಡಿನಲ್ಲಿ ಏನಾಗಬಹುದು ಎನ್ನುವುದಕ್ಕೆ ನಮ್ಮ ನೆಲದಲ್ಲೇ ಒಂದು ಪಾಠವಿದೆ. ಸಿರುಗುಪ್ಪದ ಬಳಿ ತುಂಗಭದ್ರೆ ದಾಟಿದರೆ ರಾಯಚೂರು ದೋಆಬು. 1520ರ ಮೇ ತಿಂಗಳಲ್ಲಿ ಅಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಹನಿಗೂ ಯುದ್ಧ ನಡೆಯಿತು. ಅದರ ಕಥೆಯನ್ನು ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಫಿರಂಗಿಗಳ ಬಲ ಇದ್ದದ್ದು ಬಿಜಾಪುರಕ್ಕೆ. ಎಲ್ಲವನ್ನೂ ಒಟ್ಟಿಗೆ ಹಾರಿಸಿದಾಗ ವಿಜಯನಗರದ ಮುಂಚೂಣಿ ಚದುರಿ ಹಿಮ್ಮೆಟ್ಟಿತು. ಆದರೆ ಹಾರಿಸಿದ ಫಿರಂಗಿಗೆ ಮತ್ತೆ ಮದ್ದು ತುಂಬಬೇಕಲ್ಲ. ರಾಯ ಉಳಿದ ದಂಡನ್ನು ಕೂಡಿಸಿಕೊಂಡು ತಾನೇ ಮುಂದಾಗಿ ನುಗ್ಗಿದ, ಯುದ್ಧದ ದಿಕ್ಕೇ ತಿರುಗಿತು. ಆಮೇಲೆ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೋವಾವೋ ದ ಫಿಗೆರೇದೋ ಎಂಬ ಪೋರ್ಚುಗೀಸನ ಜೊತೆಗಿದ್ದ ಬೆರಳೆಣಿಕೆಯ ಕೋವಿಯವರು ಗೋಡೆಯ ಮೇಲೆ ತಲೆ ಎತ್ತಿದವರಿಗೆ ಒಬ್ಬೊಬ್ಬರಿಗೂ ಗುರಿಯಿಟ್ಟು ಹೊಡೆದರು. ಕೋಟೆಯ ನಾಯಕ ಬಗ್ಗಿ ನೋಡುವಾಗ ಹಣೆಗೆ ಗುಂಡು ತಗುಲಿ ಸತ್ತ ಎಂದು ನೂನಿಜ್ ಹೇಳುತ್ತಾನೆ.

ಡಿಪಿ ಹಿಡಿದವನಿಗೆ ಬಿಜಾಪುರದ ಗತಿ ಬರಬಾರದು ಎಂದರೆ ಗುಂಡಿಯನ್ನು ಒತ್ತಿ ಹಿಡಿದು 47ನ್ನೂ ಸುರಿಯಬಾರದು. ಐದಾರು ಹಾರಿಸಿ, ಬೆರಳು ತೆಗೆದು, ಗುರಿ ನೋಡಿ, ಮತ್ತೆ ಐದಾರು. ಒಬ್ಬ ಬಿದ್ದಾಗ ಬಂಡೆಯ ಹಿಂದೆ ಸರಿದು, ತಟ್ಟೆಯಲ್ಲಿ ಹತ್ತೋ ಹನ್ನೆರಡೋ ಗುಂಡು ಉಳಿದಿದ್ದರೂ ಹೊಸದಾಗಿ ತುಂಬಿಕೊಳ್ಳಬೇಕು. ಬಾಗಿಲ ಬಳಿ, ಮೆಟ್ಟಿಲ ಮೇಲೆ ಡಿಪಿ ಕೈಯಲ್ಲಿರಲೇಬಾರದು. ಅದಕ್ಕೆ ಎರಡನೇ ಬಂದೂಕಾಗಿ ಯುಎಂಪಿ45. ಎಸ್‌ಎಂಜಿಗಳಲ್ಲಿ ಅದರದ್ದು ಸಾಧು ಸ್ವಭಾವ, ವೇಗ ಮಿತವಾಗಿದೆ, ಜಿಗಿತ ಕಡಿಮೆ, ಎಲ್ಲೆಂದರಲ್ಲಿ ಸಿಗುತ್ತದೆ. ಮನೆ ಹೊಕ್ಕಾಗ ಅದು, ಮನೆ ಬಿಟ್ಟಾಗ ತಟ್ಟೆ.

ಈ ಬಂದೂಕಿನ ನಿಜರೂಪದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದನ್ನು ತಿಳಿದರೆ ಆಟದಲ್ಲಿ ಅದು ಯಾಕೆ ಹಾಗೆ ನಡೆದುಕೊಳ್ಳುತ್ತದೆ ಎಂಬುದು ಅರ್ಥವಾಗುತ್ತದೆ. ಇದನ್ನು ಮಾಡಿದವನು ಸೋವಿಯತ್ ರಷ್ಯಾದ ವಾಸಿಲಿ ದೆಗ್ತ್ಯಾರ್ಯೋವ್; ಬಂದೂಕು 1920ರ ದಶಕದ ಕೊನೆಗೆ ಕೆಂಪು ಸೇನೆ ಸೇರಿತು. ರಷ್ಯಾದ ಆಗಿನ ಗುಂಡಿಗೆ ತಳದಲ್ಲಿ ಚಾಚಿದ ಅಂಚು ಇತ್ತು. ಅಂಥ ಗುಂಡುಗಳನ್ನು ನೆಟ್ಟಗಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಅಂಚಿಗೆ ಅಂಚು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಗುಂಡುಗಳನ್ನು ಸುತ್ತಲೂ ಹರಡಿ ಮಲಗಿಸುವ ತಟ್ಟೆ. ಸೋವಿಯತ್ತಿಗೂ ಫಿನ್ಲೆಂಡಿಗೂ ನಡೆದ ‘ಚಳಿಗಾಲದ ಯುದ್ಧ’ದಲ್ಲಿ ಇದನ್ನು ಕಿತ್ತುಕೊಂಡ ಫಿನ್ಲೆಂಡಿನ ಸೈನಿಕರು ಗ್ರಾಮಫೋನ್ ತಟ್ಟೆಯಂತೆ ತಿರುಗುವ ಈ ತಟ್ಟೆ ನೋಡಿ, ಆಗ ಜನಪ್ರಿಯವಾಗಿದ್ದ ಒಂದು ಹಾಡಿನ ನೆನಪಿನಲ್ಲಿ ‘ಎಮ್ಮಾ’ ಎಂದು ಕರೆದರು. ನಿಜದ ಡಿಪಿಗೆ ಒಂದು ದೊಡ್ಡ ಕಾಟವಿತ್ತು. ಸ್ಪ್ರಿಂಗು ನಳಿಕೆಯ ಕೆಳಗೇ ಇದ್ದುದರಿಂದ ಎಡೆಬಿಡದೆ ಹೊಡೆದರೆ ಕಾದು ಸತ್ವ ಕಳೆದುಕೊಳ್ಳುತ್ತಿತ್ತು. 1944ರ ಸುಧಾರಿತ ಮಾದರಿಯಲ್ಲಿ ಅದನ್ನು ಹಿಂಭಾಗಕ್ಕೆ ಸರಿಸಿದರು. ಆಟದಲ್ಲಿ ಬಂದೂಕು ಕಾಯುವುದಿಲ್ಲ. ನಮ್ಮಲ್ಲಿ ಕಾಯುವುದು ಫೋನು.

ಚಿಕ್ಕ ಗುಂಡೋ ದೊಡ್ಡ ಗುಂಡೋ, ಎಂ416ರ 5.56ವೋ ಡಿಪಿಯ 7.62ವೋ ಎಂಬ ಚರ್ಚೆ ಬಳ್ಳಾರಿಯ ಗಾಂಧಿನಗರದ ಟೀ ಅಂಗಡಿಯದು ಮಾತ್ರವಲ್ಲ. ಭಾರತೀಯ ಸೇನೆಯೂ ಅದೇ ಪ್ರಶ್ನೆಯನ್ನು ಎದುರಿಸಿತ್ತು. 5.56 ಗುಂಡಿನ ಇನ್ಸಾಸ್ ಎಲ್‌ಎಂಜಿ ಬಳಕೆಯಲ್ಲಿತ್ತು. 2020ರ ಮಾರ್ಚಿನಲ್ಲಿ ರಕ್ಷಣಾ ಸಚಿವಾಲಯ ಇಸ್ರೇಲಿನಿಂದ 7.62 ಗುಂಡಿನ 16,479 ನೆಗೆವ್ ಎಲ್‌ಎಂಜಿಗಳನ್ನು ಸುಮಾರು 880 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ದೂರಕ್ಕೆ ಬಲವಾಗಿ ತಾಕುವುದು ಬೇಕು ಎನ್ನುವುದು ಅಲ್ಲಿನ ತೀರ್ಮಾನ.

ನಾಲ್ವರಲ್ಲಿ ಒಬ್ಬ

ಹೊಸಬ ಒಬ್ಬನೇ ಆಡುವುದು ಅಪರೂಪ. ಅಣ್ಣನ ತಂಡದಲ್ಲಿ ನಾಲ್ಕನೆಯವನಾಗಿ ಸೇರುತ್ತಾನೆ. ಅವನ ಪಾಲಿಗೆ ಬರುವುದು ಬೀಳುವುದು, ಉಳಿದವರಿಂದ ಎಬ್ಬಿಸಿಕೊಳ್ಳುವುದು, ಬೈಸಿಕೊಳ್ಳುವುದು. ಎಂ416 ಹಿಡಿದು ಅಣ್ಣಂದಿರ ಹಿಂದೆ ಓಡಿದರೆ ಮೊದಲು ಬೀಳುವವನು ಅವನೇ. ಡಿಪಿ ಹಿಡಿದರೆ ಅವನಿಗೆ ಅವನದೇ ಕೆಲಸ ಸಿಗುತ್ತದೆ. ಹಿಂದೆ ದಿಣ್ಣೆಯ ಮೇಲೆ ಮಲಗಿ, ಎದುರಿನ ಕಿಟಕಿಗೆ ಬಿಟ್ಟುಬಿಟ್ಟು ಗುಂಡು ಹಾರಿಸುತ್ತಿದ್ದರೆ ಒಳಗಿನವನು ತಲೆ ಎತ್ತುವುದಿಲ್ಲ. ಆ ಹೊತ್ತಿನಲ್ಲಿ ಅಣ್ಣಂದಿರು ಗೋಡೆ ಸೇರುತ್ತಾರೆ. ತಾಕದಿದ್ದರೂ ಆ ಗುಂಡುಗಳು ವ್ಯರ್ಥವಲ್ಲ. ನಿಜದ ಸೇನೆಗಳಲ್ಲಿ ಮಷಿನ್ ಗನ್ ಹಿಡಿದವನ ಕೆಲಸವೂ ಇದೇ, ತನ್ನವರು ನಡೆಯುವಾಗ ಎದುರಿನವರ ತಲೆ ತಗ್ಗಿಸಿಡುವುದು.

“ಲೇ, ನೀನು ಅಲ್ಲೇ ಮಲಕ್ಕ. ಮ್ಯಾಲಿನ ಕಿಡಕಿಗೆ ಹೊಡೀತಾ ಇರು, ನಾವು ಬಾಜೂಕಿಂದ ಹೋಗ್ತೀವಿ.”

“ಅಣ್ಣಾ, ತಟ್ಟಿ ಖಾಲಿ ಆತು!”

“ಮೊದ್ಲ ಹೇಳಬೇಕಲೇ! ಹತ್ತು ಉಳಿದಾಗ ಹೇಳು, ನಾವು ನಿಂದ್ರತೀವಿ.”

ಮೈಕಿನಲ್ಲಿ ಇಂಥ ಮಾತು ಕೇಳಿಸಿದರೆ ಆ ತಂಡ ಕಲಿಯುತ್ತಿದೆ ಎಂದೇ ಅರ್ಥ. ನಮ್ಮ ಗಡಿಯೂರುಗಳಲ್ಲಿ ನಾಲ್ವರಲ್ಲಿ ಒಬ್ಬ ತೆಲುಗಿನಲ್ಲಿ ಕೂಗುತ್ತಾನೆ, ಇನ್ನೊಬ್ಬ ಉರ್ದುವಿನಲ್ಲಿ. ಮೂರೂ ಭಾಷೆ ಎಲ್ಲರಿಗೂ ತಿಳಿಯುತ್ತದೆ. ಗುಂಡು ಎಷ್ಟು ಉಳಿದಿದೆ ಎಂದು ಮೊದಲೇ ಹೇಳುವ ಅಭ್ಯಾಸವನ್ನು ಬೇಗ ಖಾಲಿಯಾಗುವ ಬಂದೂಕಿಗಿಂತ ತುಂಬಲು ತಡವಾಗುವ ಬಂದೂಕೇ ಚೆನ್ನಾಗಿ ಕಲಿಸುತ್ತದೆ. ದೂರದಲ್ಲಿ ಜೀಪು ಬಂದರೆ ಅದನ್ನು ತಡೆಯುವುದಕ್ಕೂ 47 ಗುಂಡಿನ ತಟ್ಟೆಯಷ್ಟು ಒದಗುವುದು ನೆಲದಲ್ಲಿ ಸಿಗುವ ಬಂದೂಕುಗಳಲ್ಲಿ ಕಡಿಮೆ.

ಹಣದ ವಿಷಯಕ್ಕೆ ಬರುತ್ತೇನೆ. ಬಂದೂಕಿಗೆ ಹೊಳೆಯುವ ಬಣ್ಣ, ಬೆಂಕಿಯ ಚಿತ್ರ ತೊಡಿಸಲು ‘ಯುಸಿ’ ಎಂಬ ಆಟದ ನಾಣ್ಯ ಕೊಳ್ಳಬೇಕು, ಅದಕ್ಕೆ ನಿಜದ ರೂಪಾಯಿ ಬೇಕು. ಆ ಬಣ್ಣ ಗುಂಡಿನ ಪೆಟ್ಟನ್ನು ಒಂದಂಕವೂ ಹೆಚ್ಚಿಸುವುದಿಲ್ಲ. ಜೀನ್ಸ್ ಘಟಕದಲ್ಲಿ ದುಡಿದ ದುಡ್ಡನ್ನು ದಯವಿಟ್ಟು ಅದಕ್ಕೆ ಸುರಿಯಬೇಡಿ. ಉಚಿತ ಯುಸಿ ಕೊಡುತ್ತೇವೆ ಎಂದು ವಾಟ್ಸ್‌ಆ್ಯಪ್ಪಿಗೆ ಬರುವ ಲಿಂಕುಗಳ ಹಿಂದೆ ಇರುವವರಿಗೆ ಬೇಕಾದದ್ದು ನಿಮ್ಮ ಒಟಿಪಿ. ಗುರಿ ತಾನೇ ಹಿಡಿಯುತ್ತದೆ ಎಂದು ಮಾರುವ ಕಳ್ಳ ಆ್ಯಪ್‌ಗಳಿಂದ ಖಾತೆ ಮುಚ್ಚಿಹೋಗುತ್ತದೆ, ಕೆಲವೊಮ್ಮೆ ಫೋನಿನೊಳಗಿನ ಬ್ಯಾಂಕಿನ ವಿವರವೂ ಹೋಗುತ್ತದೆ.

ಮನೆಯ ಹಿರಿಯರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ಪಬ್ಜಿ ಆಡಬೇಡ ಎಂದ ತಂದೆಯನ್ನು ಮಗನೇ ಕೊಂದ ಸುದ್ದಿ ಓದಿದ ಯಾವ ತಾಯಿಗೂ ಮಗನ ಕೈಯಲ್ಲಿ ಫೋನು ಕಂಡಾಗ ಎದೆ ಝಲ್ಲೆನ್ನದೆ ಇರದು. ಅಲ್ಲಿಂದೀಚೆಗೆ ಕೆಲವು ಕಟ್ಟುಪಾಡು ಬಂದಿವೆ. ಬಿಜಿಎಂಐನಲ್ಲಿ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ, ಖರ್ಚಿಗೂ ಮಿತಿ, ಪಾಲಕರ ಫೋನಿಗೆ ಒಟಿಪಿ. 2023ರಲ್ಲಿ ಮರಳಿದಾಗ ದೊಡ್ಡವರಿಗೂ 6 ಗಂಟೆಯ ಗಡಿ ಹಾಕಿದರು. ಆದರೆ ಅಪ್ಪನ ಹೆಸರಿನ ಸಿಮ್ಮಿನಲ್ಲಿ, ಅಪ್ಪನ ಹುಟ್ಟಿದ ದಿನ ಹಾಕಿ ಆಡುವ ಹುಡುಗನನ್ನು ಈ ಗಡಿ ತಡೆಯುವುದಿಲ್ಲ. ಅವನನ್ನು ತಡೆಯಬಲ್ಲವರು ಪಕ್ಕದಲ್ಲಿ ಕೂತು ‘ಏನಪ್ಪಾ ಇದು, ನನಗೂ ತೋರಿಸು’ ಎನ್ನುವ ಅಪ್ಪ, ಅಮ್ಮ, ಅಕ್ಕ. ಆಟವೊಂದು 25-30 ನಿಮಿಷದ್ದು. ನಡುವೆ ಕಿತ್ತುಕೊಳ್ಳುವುದಕ್ಕಿಂತ ‘ಇದೊಂದು ಮುಗಿಸಿ ಏಳು’ ಎನ್ನುವುದು ಕೆಲಸ ಮಾಡುತ್ತದೆ. ಹಿರಿಯರಿಗೆ ಇನ್ನೊಂದು ಮಾತು: ಚೀನಾದ ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಕ್ಕೂ ಪದಕವಿತ್ತು. ಅಲ್ಲಿಗಾಗಿ ಮಾಡಿದ ರೂಪದಲ್ಲಿ ಮನುಷ್ಯರಿಗೆ ಹೊಡೆಯುವಂತಿರಲಿಲ್ಲ, ಗುರಿಫಲಕಗಳಿಗೆ ಹೊಡೆಯುತ್ತ ಓಟ ಮುಗಿಸಬೇಕಿತ್ತು. 2025ರ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಹೀಗಾಗಿ ನೂರಿನ್ನೂರು ಪಣ ಕಟ್ಟಿ ಆಡುವ ‘ಕಸ್ಟಮ್ ರೂಮ್’ಗಳಿಗೆ ಕರೆಯುವವರಿಂದ ದೂರವಿರಿ.

ಅಭ್ಯಾಸಕ್ಕೆ ಆಟದೊಳಗೇ ಟ್ರೈನಿಂಗ್ ಗ್ರೌಂಡ್ ಇದೆ, ಎಲ್ಲ ಬಂದೂಕೂ ಅಲ್ಲಿ ಮೇಜಿನ ಮೇಲೆ ಸಿಗುತ್ತವೆ. ಡಿಪಿ ಎತ್ತಿಕೊಂಡು, ರೆಡ್ ಡಾಟ್ ಹಾಕಿ, ಖಾಲಿ ಗೋಡೆಗೆ ಮೊದಲು ನಿಂತು ಒಂದು ತಟ್ಟೆ, ಕೂತು ಒಂದು ತಟ್ಟೆ, ಮಲಗಿ ಒಂದು ತಟ್ಟೆ ಪೂರ್ತಿ ಹಾರಿಸಿ. ಗೋಡೆಯ ಮೇಲೆ ಬಿದ್ದ ತೂತುಗಳ ಮೂರು ಗುಂಪನ್ನು ನೋಡಿದರೆ ನಾನು ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಆಮೇಲೆ ಐದೈದಾಗಿ ಹಾರಿಸುವುದು. ಆಮೇಲೆ ಓಡುವ ಗುರಿಗೆ ಸ್ವಲ್ಪ ಮುಂದೆ ಹಿಡಿಯುವುದು. ಇದೆಲ್ಲ ಬಂದ ಮೇಲೆ ನಾಲ್ವರ ವಿರುದ್ಧ ನಾಲ್ವರು ಆಡುವ ಟಿಡಿಎಂಗೆ ಹೋಗಿ. ಅಲ್ಲಿ ಸತ್ತರೂ ಕೂಡಲೇ ಮತ್ತೆ ಹುಟ್ಟಬಹುದು.

ಫ್ರೀ ಫೈರ್ ಮ್ಯಾಕ್ಸ್ ಆಡುವವರಿಗೆ ಈ ಅಂಕೆಗಳು ಹೊಂದುವುದಿಲ್ಲ. ಅದು 50 ಜನರ ಚಿಕ್ಕ ಆಟ, ಬಂದೂಕುಗಳ ಸ್ವಭಾವವೂ ಬೇರೆ. ಆದರೂ ತಪ್ಪುವ ಗುಂಡುಗಳನ್ನು ಸೇರಿಸಿ ಲೆಕ್ಕ ಹಾಕುವ ಕ್ರಮ ಅಲ್ಲೂ ನಡೆಯುತ್ತದೆ.

ಡಿಪಿಯನ್ನು ಯಾವಾಗ ಬಿಡಬೇಕು? ಒಬ್ಬನನ್ನು ಬೀಳಿಸಿದ ಮೇಲೆ ಪರದೆಯ ಕೆಳಗೆ ಉಳಿದ ಗುಂಡಿನ ಅಂಕೆಯನ್ನು ಪ್ರತಿ ಸಲ ನೋಡುತ್ತ ಬನ್ನಿ. ಮೊದಮೊದಲು ಅದು 27ರ ಆಸುಪಾಸು ಇರುತ್ತದೆ. ಮೂವತ್ತಕ್ಕೆ ಬಂದರೆ ಕೈ ಪಳಗುತ್ತಿದೆ. ಒಬ್ಬ ಬಿದ್ದಾಗಲೂ ತಟ್ಟೆಯಲ್ಲಿ 38ಕ್ಕಿಂತ ಹೆಚ್ಚು ಉಳಿಯುವುದು ರೂಢಿಯಾದಾಗ ನಿಮ್ಮ ಗುಂಡುಗಳಲ್ಲಿ ಅರ್ಧದಷ್ಟು ತಾಕುತ್ತಿವೆ ಎಂದು ಲೆಕ್ಕ. ಅಂಥ ಕೈಗೆ ಎಂ416ರ 30 ಗುಂಡು ಮೂವರಿಗೆ ಸಾಕು. ಆಗ ತಟ್ಟೆಯನ್ನು ಕೆಳಗಿಟ್ಟು, ಗ್ರಿಪ್ಪು, ಸ್ಟಾಕು ಹುಡುಕುತ್ತ ಮನೆಮನೆ ಹೊಕ್ಕು ಬನ್ನಿ.